ಕೊನೆಯ ಮಾಲೀಕರಾಗಬೇಡಿ: ಹಳೆಯ ಆರ್‌ಎಸ್ ಕೊಳ್ಳಲು ಹೊರಟವರಿಗೆ

ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದಿರುವ ಕನ್ನಡದ ತಮ್ಮ ತಂಗಿಯರಿಗೆ,



ಸಂಕ್ರಾಂತಿಯ ದಿನ ನಮ್ಮ ಮನೆಯಲ್ಲಿ ಎಳ್ಳು ಬೆಲ್ಲ ತಿನ್ನುತ್ತ ಕೂತಿದ್ದಾಗ ನಿಮ್ಮಲ್ಲಿ ಒಬ್ಬ ಮೊಬೈಲ್ ತೆಗೆದು ಒಂದು ಫೋಟೊ ತೋರಿಸಿದ. ಕಪ್ಪು ಬಣ್ಣದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಎಂಎಚ್ 20 ನಂಬರು. “ಎರಡೂವರೆ ಲಕ್ಷ ಹೇಳ್ತಿದಾರೆ ಅಕ್ಕಾ, ತಗೊಳ್ಳಲಾ?” ಅವನ ಪಕ್ಕದಲ್ಲಿ ಕೂತಿದ್ದ ಇನ್ನಿಬ್ಬರೂ ತಮ್ಮ ತಮ್ಮ ಮೊಬೈಲು ತೆಗೆದರು. ಒಬ್ಬಳ ಕಣ್ಣು ಲಾರಾ ಆರ್‌ಎಸ್ ಮೇಲಿತ್ತು, ಇನ್ನೊಬ್ಬನದು 2017ರ ಆಕ್ಟೇವಿಯಾ ಮೇಲೆ. ನಮ್ಮ ಮನೆಯ ಮುಂದೆ 17 ವರ್ಷಗಳಿಂದ ಅದೇ ಬಗೆಯ ಕಾರು ನಿಂತಿರುವುದನ್ನು ನೋಡಿದ್ದೀರಿ, ಅದಕ್ಕೇ ನನ್ನನ್ನು ಕೇಳಿದಿರಿ. ಅಡುಗೆಮನೆ ಬಾಗಿಲಲ್ಲಿ ನಿಂತು ಒಂದು ಮಾತಿನಲ್ಲಿ ಹೌದು ಅಥವಾ ಬೇಡ ಎಂದುಬಿಟ್ಟರೆ ನಿಮಗೆ ಅನ್ಯಾಯವಾಗುತ್ತಿತ್ತು. ಹಾಗಾಗಿ ಸುಮ್ಮನಿದ್ದೆ. ಈಗ ಬರೆಯುತ್ತಿದ್ದೇನೆ. ಮೂವರಿಗೇ ಬರೆಯಬಹುದಿತ್ತು. ಆದರೆ ಬಿಡದಿಯಲ್ಲಿ ಕಾರ್ಖಾನೆ ನಡೆಸುವ ಟೊಯೋಟಾ ಕಿರ್ಲೋಸ್ಕರ್ 2024ರ ಜುಲೈನಲ್ಲಿ ಇಲ್ಲೂ ಕಾರ್ಖಾನೆ ಹಾಕಲು ಮಹಾರಾಷ್ಟ್ರ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡ ಮೇಲೆ ನಮ್ಮ ಕಡೆಯ ಹುಡುಗ ಹುಡುಗಿಯರು ಇನ್ನಷ್ಟು ಬರುವವರಿದ್ದಾರೆ. ಮೊದಲ ಸಂಬಳ, ಖಾಲಿ ಹೆದ್ದಾರಿ, ಅಗ್ಗದ ಬೆಲೆಗೆ ವೇಗದ ಕಾರು: ಈ ಮೂರೂ ಒಟ್ಟಿಗೆ ಎದುರು ನಿಂತರೆ ಯಾರ ಮನಸ್ಸು ತಡೆಯುತ್ತದೆ? ಆದ್ದರಿಂದ ಎಲ್ಲರಿಗೂ ಬರೆಯುತ್ತಿದ್ದೇನೆ.

ಮೊದಲು ಆ ಕಾರು ಏನೆಂದು ಹೇಳುತ್ತೇನೆ. ನಿಮ್ಮ ಕೈಯಲ್ಲಿರುವ ಫೋಟೊದಲ್ಲಿ ಅದು ಕಾಣುವುದಿಲ್ಲ.

ಜಾಲ್ನಾ ರಸ್ತೆಯಲ್ಲಿ ಊರು ದಾಟಿದರೆ ಸಿಗುವ ಶೇಂದ್ರಾದಲ್ಲಿ ಸ್ಕೋಡಾ ಕಾರ್ಖಾನೆ 2001ರಲ್ಲಿ ಕೆಲಸ ಶುರುಮಾಡಿತು. ಊರಿಗೆ ಆಗಿನ್ನೂ ಔರಂಗಾಬಾದ್ ಎಂಬ ಹೆಸರು. ಜೆಕ್ ದೇಶದಿಂದ ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಬರುತ್ತಿದ್ದವು, ಇಲ್ಲಿಯ ಹುಡುಗರು ಜೋಡಿಸುತ್ತಿದ್ದರು. 2004ರಲ್ಲಿ ಆರ್‌ಎಸ್ ಬಂತು. 1781 ಸಿಸಿ, ನಾಲ್ಕು ಸಿಲಿಂಡರಿಗೆ 20 ವಾಲ್ವ್, ಮೇಲೊಂದು ಟರ್ಬೊ, 150 ಕುದುರೆ ಶಕ್ತಿ. ಯುರೋಪಿನಲ್ಲಿ ಇದೇ ಹೆಸರಿನ ಕಾರಿಗೆ 180 ಇತ್ತು. ಆದರೂ ಟರ್ಬೊ ಎಂದರೆ ಡೀಸೆಲ್ ಎಂದೇ ತಿಳಿದಿದ್ದ ನಮ್ಮ ರಸ್ತೆಗಳಿಗೆ ಪೆಟ್ರೋಲ್ ಟರ್ಬೊ ಹೊಸ ಸಂಗತಿ. ಆರ್‌ಎಸ್ ಎಂಬ ಎರಡಕ್ಷರವೂ ಅಲಂಕಾರಕ್ಕೆ ಅಂಟಿಸಿದ್ದಲ್ಲ. 1977ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಸ್ಕೋಡಾ 130 ಆರ್‌ಎಸ್ ತನ್ನ ವರ್ಗದಲ್ಲಿ ಗೆದ್ದಿತ್ತು. ಆ ವಂಶದ ಹೆಸರು ಇದು. ಆಮೇಲೆ 2011ರಲ್ಲಿ ಲಾರಾ ಆರ್‌ಎಸ್ ಬಂತು, 160 ಕುದುರೆ ಶಕ್ತಿ. 2017ರಲ್ಲಿ 230ರದ್ದು, 2020ರಲ್ಲಿ 245ರದ್ದು ಬರೀ 200. 2025ರ ಅಕ್ಟೋಬರಿನಲ್ಲಿ ಬಂದ 265ರ ಹೊಸ ಆರ್‌ಎಸ್ ದೇಶಕ್ಕೆಲ್ಲ ಬರೀ 100, ಬೆಲೆ 49.99 ಲಕ್ಷ. ಅದು ಹೊರಗೇ ತಯಾರಾಗಿ ಬಂದದ್ದು. ಎರಡೂವರೆ ಲಕ್ಷಕ್ಕೆ ಸಿಗುವ ಹಳೆಯದು ನಿಮ್ಮನ್ನು ಯಾಕೆ ಸೆಳೆಯುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ಆದರೆ ಎರಡೂವರೆ ಲಕ್ಷ ಆ ಕಾರಿನ ಬೆಲೆಯಲ್ಲ. ಅದು ಬರೀ ಬಾಗಿಲೊಳಗೆ ಕಾಲಿಡಲು ಕೊಡುವ ಹಣ.

ಇದನ್ನು ನನಗೆ ಕಲಿಸಿದ್ದು ಕಾರಲ್ಲ, ಅಪ್ಪ. ನಿಮ್ಮಲ್ಲಿ ಕೆಲವರು ಅವರನ್ನು ನಾಸಿಕ್ ಹತ್ತಿರದ ಓಝರಿನ ಮನೆಯಲ್ಲಿ ನೋಡಿದ್ದೀರಿ. ಧಾರವಾಡದ ಕಡೆಯವರು. ಓಝರಿನ ಎಚ್‌ಎಎಲ್ ವಿಮಾನ ಕಾರ್ಖಾನೆಯ ಮಿಗ್-21 ಓವರ್‌ಹಾಲ್ ಶೆಡ್‌ನಲ್ಲಿ ದುಡಿದವರು. ಆ ವಿಮಾನದ ಎಂಜಿನ್ ಕೋರಾಪುಟ್‌ನಲ್ಲಿ, ಎಲೆಕ್ಟ್ರಾನಿಕ್ಸ್ ಹೈದರಾಬಾದ್‌ನಲ್ಲಿ, ಮೈಕಟ್ಟು ಓಝರಿನಲ್ಲಿ ತಯಾರಾಗುತ್ತಿತ್ತು. ಅಲ್ಲಿ ಯಾವ ಭಾಗವೂ ಮುರಿಯುವವರೆಗೆ ಕಾಯುವಂತಿರಲಿಲ್ಲ. ಪ್ರತಿಯೊಂದಕ್ಕೂ ಇಷ್ಟು ಗಂಟೆ ಹಾರಾಟ, ಇಲ್ಲವೇ ಇಷ್ಟು ವರ್ಷ, ಯಾವುದು ಮೊದಲೋ ಅದು ಎಂಬ ಆಯಸ್ಸು ಬರೆದಿರುತ್ತಿತ್ತು. ನೋಡಲು ಹೊಸದರಂತೆ ಇದ್ದರೂ ಗಡುವು ಬಂದರೆ ತೆಗೆಯಬೇಕು. ಅಪ್ಪ ಅದನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದರು: “ಮುರದ ಮ್ಯಾಲೆ ಬದಲ ಮಾಡೋದು ರಿಪೇರಿ, ಮುರಿಯೋಕಿಂತ ಮೊದಲ ಬದಲ ಮಾಡೋದು ಓವರ್‌ಹಾಲ್. ಎರಡೂ ಒಂದಲ್ಲವ್ವಾ.” ಎಲ್ಲೋ ಒಂದು ವಿಮಾನ ಬಿತ್ತು ಎಂಬ ಸುದ್ದಿ ರೇಡಿಯೊದಲ್ಲಿ ಬಂದ ರಾತ್ರಿ ಅವರು ಊಟ ಮಾಡುತ್ತಿರಲಿಲ್ಲ. ಅವ್ವ ತಟ್ಟೆ ಮುಚ್ಚಿಡುತ್ತಿದ್ದಳು. ಆ ತಟ್ಟೆ ನೋಡಿಯೇ ನನಗೆ ಗೊತ್ತಾಗಿದ್ದು, ಯಂತ್ರ ನೋಡಿಕೊಳ್ಳುವುದು ಎಂದರೆ ಅದರೊಳಗೆ ಕೂರುವವರನ್ನು ನೋಡಿಕೊಳ್ಳುವುದು ಎಂದು.

ಇಷ್ಟು ಕಲಿತವಳೇ 2016ರಲ್ಲಿ ಎಡವಿದೆ. ಆ ಕಥೆ ಹೇಳದೆ ಲೆಕ್ಕ ಹೇಳಿದರೆ ನೀವು ನಂಬಬಾರದು.

ನನ್ನ ಕಾರು 2005ರ ಡಿಸೆಂಬರಿನಲ್ಲಿ ನಾಸಿಕ್‌ನಲ್ಲಿ ನೋಂದಣಿಯಾದದ್ದು. 2009ರಲ್ಲಿ 38,000 ಕಿ.ಮೀ. ಓಡಿದ್ದನ್ನು 4.75 ಲಕ್ಷಕ್ಕೆ ಕೊಂಡೆ. ನನ್ನ ಕೆಲಸ ಸಂಭಾಜಿನಗರದ ವಾಳೂಜ್‌ನ ಒಂದು ಕಾರ್ಖಾನೆಗೆ ಬದಲಾದ ಮೇಲೆ ಆಗಾಗ ಶನಿವಾರ ಸಂಜೆ ಓಝರಿಗೆ, ಭಾನುವಾರ ರಾತ್ರಿ ವಾಪಸು. 2015ರಲ್ಲಿ ಮನೆ ಕಟ್ಟಿಸಲು ಸಾಲ ಮಾಡಿದ್ದೆವು. ಆ ವರ್ಷ ಬಾನೆಟ್ಟಿನೊಳಗಿನ ನೀರಿನ ಹೋಸ್‌ಗಳಿಗೆ ಹತ್ತು ವರ್ಷವಾಗಿತ್ತು. ಅಪ್ಪ ಬೆರಳಲ್ಲಿ ಒತ್ತಿ ನೋಡಿ “ಇವು ಗಟ್ಟಿಯಾಗ್ಯಾವ, ತಗಿ” ಎಂದರು. 4,000 ರೂಪಾಯಿಯ ಕೆಲಸ. ದೀಪಾವಳಿ ಆಗಲಿ ಎಂದೆ, ಸಂಕ್ರಾಂತಿ ಆಗಲಿ ಎಂದೆ. ಏಪ್ರಿಲ್‌ನಲ್ಲಿ ಅಪ್ಪ ಅವ್ವನನ್ನು ಕರೆದುಕೊಂಡು ಧಾರವಾಡದಿಂದ ಬರುವಾಗ ಬೀಡ್ ಹತ್ತಿರ ನಡುಮಧ್ಯಾಹ್ನ ಒಂದು ಹೋಸ್ ಬಾಯಿ ಬಿಟ್ಟಿತು. ಕೆಂಪು ದೀಪ ಹತ್ತಿದ್ದನ್ನು ನೋಡಿದೆ. ನೆರಳಿರುವ ಜಾಗ ಸಿಗಲಿ ಎಂದು ಇನ್ನೊಂದು ಕಿಲೋಮೀಟರ್ ಓಡಿಸಿದೆ. ಹೆಡ್ ಗ್ಯಾಸ್ಕೆಟ್ ಹೋಯಿತು, ಹೆಡ್ ಬಾಗಿತು. 85,000 ರೂಪಾಯಿ. 4,000ವನ್ನು ಆರು ತಿಂಗಳು ಉಳಿಸಿದ್ದಕ್ಕೆ ಅಷ್ಟು. ಹಣದ ಮಾತು ಬಿಡಿ, ಎಪ್ಪತ್ತು ದಾಟಿದ ಇಬ್ಬರು ಆ ಬಿಸಿಲಲ್ಲಿ ಮೂರು ಗಂಟೆ ಒಂದು ಬೇವಿನ ಮರದ ಕೆಳಗೆ ಕೂತಿದ್ದರು. ಅಪ್ಪ ಒಂದು ಮಾತೂ ಆಡಲಿಲ್ಲ. ಮಾರನೆಯ ವಾರ ಹೋದಾಗ ರಟ್ಟು ಹಾಕಿದ ಉದ್ದನೆಯ ನೋಟುಬುಕ್ ಕೈಗೆ ಕೊಟ್ಟರು. ಸ್ಕೇಲು ಹಿಡಿದು ಗೆರೆ ಹಾಕಿದ್ದರು: ಭಾಗ, ಹಾಕಿದ ತಾರೀಖು, ಹಾಕಿದಾಗ ಕಿಲೋಮೀಟರ್, ತೆಗೆಯಬೇಕಾದ ತಾರೀಖು. ನಾಲ್ಕನೆಯ ಕಾಲಮೇ ಮುಖ್ಯ ಎಂದರು.

ಅವತ್ತಿನಿಂದ ಇವತ್ತಿನವರೆಗೆ ಈ ಕಾರು ನನ್ನನ್ನು ಎಲ್ಲೂ ರಸ್ತೆಯಲ್ಲಿ ನಿಲ್ಲಿಸಿಲ್ಲ.

ಈಗ ಲೆಕ್ಕ. ಪೆಟ್ರೋಲ್, ವಿಮೆ ಬಿಟ್ಟು ಬರೀ ಪಾರ್ಟು, ಆಯಿಲ್, ಟೈರ್, ಕೂಲಿ ಸೇರಿ 17 ವರ್ಷಕ್ಕೆ 11 ಲಕ್ಷ 40 ಸಾವಿರ. ಕೊಂಡದ್ದರ ಎರಡೂಕಾಲು ಪಟ್ಟಿಗಿಂತ ಹೆಚ್ಚು. ಓಡಿಸಿದ್ದು 1,48,000 ಕಿ.ಮೀ. ಅಂದರೆ ಕಿಲೋಮೀಟರಿಗೆ 7 ರೂಪಾಯಿ 70 ಪೈಸೆ. ಈ ಸರಾಸರಿಯನ್ನು ಮಾತ್ರ ನೋಡಬೇಡಿ, ಖರ್ಚು ಹೇಗೆ ಬಂತು ನೋಡಿ. ಮೊದಲ ಐದು ವರ್ಷಕ್ಕೆ 1.6 ಲಕ್ಷ. ಆಮೇಲಿನ ಆರಕ್ಕೆ 3.5 ಲಕ್ಷ. ಕೊನೆಯ ಆರಕ್ಕೆ 6.3 ಲಕ್ಷ. ಕಾರು ಹಳೆಯದಾದಂತೆ ಬೆಲೆ ಇಳಿಯುತ್ತದೆ, ಸಾಕುವ ಖರ್ಚು ಏರುತ್ತದೆ. ಈ ಎರಡು ಗೆರೆ ಒಂದನ್ನೊಂದು ದಾಟಿಹೋದ ಎಷ್ಟೋ ವರ್ಷದ ಮೇಲೆ ನೀವು ಕೊಳ್ಳಲು ಬಂದಿದ್ದೀರಿ. ನನಗೆ ಸಿಕ್ಕ ಅಗ್ಗದ ಐದು ವರ್ಷ ನಿಮಗೆ ಸಿಗುವುದಿಲ್ಲ. ಎರಡೂವರೆ ಲಕ್ಷ ಕೊಟ್ಟು ಕೊಂಡವರು ಮೊದಲ ವರ್ಷವೇ ಇನ್ನೆರಡು ಲಕ್ಷ ತೆಗೆದಿಡಬೇಕು. ಅದಿಲ್ಲದಿದ್ದರೆ ಫೋಟೊ ನೋಡಿ ಖುಷಿಪಟ್ಟು ಮೊಬೈಲು ಕೆಳಗಿಡಿ.

ಆ ಎರಡು ಲಕ್ಷ ಎಲ್ಲಿಗೆ ಹೋಗುತ್ತದೆ? ಟೈಮಿಂಗ್ ಬೆಲ್ಟಿನಿಂದ ಶುರುಮಾಡಿ. ಹಿಂದಿನ ಮಾಲೀಕರು ಏನೇ ಹೇಳಲಿ, ಬಿಲ್ ಕಾಗದ ಇಲ್ಲದಿದ್ದರೆ ಬದಲಾಯಿಸಿಲ್ಲ ಎಂದೇ ತಿಳಿಯಿರಿ. ಈ ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ಮೇಲೆ ಬಂದು ವಾಲ್ವ್‌ಗಳಿಗೆ ಹೊಡೆಯುತ್ತದೆ. ವಾಲ್ವ್ 20 ಇವೆ ಎಂಬುದು ಆಗ ನೆನಪಾಗುತ್ತದೆ. ವಾಟರ್ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟು. ಆದ್ದರಿಂದ ಬೆಲ್ಟ್, ಟೆನ್ಷನರ್, ಪಂಪ್ ಮೂರೂ ಒಟ್ಟಿಗೆ. ನಾನು 60,000 ಕಿ.ಮೀ. ಅಥವಾ ನಾಲ್ಕು ವರ್ಷ ಎಂದು ಇಟ್ಟುಕೊಂಡಿದ್ದೇನೆ.

ಆಮೇಲೆ ಆಯಿಲ್. ಟರ್ಬೊ ಬಿಸಿಗೆ ಸಾಧಾರಣ ಆಯಿಲ್ ಬೆಂದು ಡಾಂಬರಿನಂತಾಗಿ ಸಂಪಿನ ತಳದಲ್ಲಿ ಕೂರುತ್ತದೆ, ಜಾಲರಿ ಮುಚ್ಚುತ್ತದೆ, ಆಯಿಲ್ ಮೇಲೇರುವುದಿಲ್ಲ. ಈ ಎಂಜಿನ್ ಇಟ್ಟುಕೊಂಡ ಎಲ್ಲ ದೇಶದವರಿಗೂ ಗೊತ್ತಿರುವ ಕಾಯಿಲೆ ಇದು. ಪೂರ್ತಿ ಸಿಂಥೆಟಿಕ್ ಆಯಿಲ್, 7,500 ಕಿ.ಮೀ.ಗೆ ಒಮ್ಮೆ, ತಪ್ಪದೆ. ಕೊಂಡ ತಕ್ಷಣ ಒಮ್ಮೆ ಸಂಪ್ ಬಿಚ್ಚಿಸಿ ಒಳಗೆ ಬೆರಳಾಡಿಸಿ ನೋಡಿ. ವೇಗವಾಗಿ ಓಡಿಸಿ ಬಂದು ಗಕ್ಕನೆ ಎಂಜಿನ್ ನಿಲ್ಲಿಸಬೇಡಿ. ಕೊನೆಯ ಎರಡು ಕಿಲೋಮೀಟರ್ ಮೆಲ್ಲಗೆ ಬನ್ನಿ, ಟರ್ಬೊ ತಣಿಯಲಿ.

ಉಳಿದದ್ದೆಲ್ಲ ರಬ್ಬರು, ಪ್ಲಾಸ್ಟಿಕ್ಕು. ಕಬ್ಬಿಣಕ್ಕೆ ಕಿಲೋಮೀಟರಿನಿಂದ ವಯಸ್ಸಾಗುತ್ತದೆ, ರಬ್ಬರಿಗೆ ಕ್ಯಾಲೆಂಡರಿನಿಂದ. ಕಡಿಮೆ ಓಡಿದ ಹಳೆಯ ಕಾರು ನೋಡಿ ಮರುಳಾಗಬೇಡಿ ಎನ್ನುವುದು ಇದಕ್ಕೇ. ನಿಂತಲ್ಲೇ ನಿಂತ ಕಾರಿನ ಬುಷ್, ವ್ಯಾಕ್ಯೂಮ್ ಪೈಪ್, ಎಂಜಿನ್ ಮೌಂಟ್, ಡೈವರ್ಟರ್ ವಾಲ್ವಿನ ಪೊರೆ ಎಲ್ಲವೂ ಒಣಗಿರುತ್ತವೆ. ಒಮ್ಮೆ ನನ್ನ ಕಾರು ಎಳೆಯುವುದನ್ನೇ ಬಿಟ್ಟಿತ್ತು. ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಟರ್ಬೊ ಪೂರ್ತಿ ಬದಲಿಸಬೇಕು ಎಂದು ಲಕ್ಷ ರೂಪಾಯಿಯ ಅಂದಾಜು ಬರೆದುಕೊಟ್ಟರು. ನಾನು ನಂಬುವ ಮೆಕ್ಯಾನಿಕ್ ಒಬ್ಬರಿದ್ದಾರೆ, ಇದೇ ಕಾರುಗಳನ್ನು ಹರೆಯದಲ್ಲಿ ಜೋಡಿಸಿದವರು. ಅವರು ಗಾಳಿ ಹೋಗುವ ದಾರಿಗೆಲ್ಲ ಹೊಗೆ ಊದಿ ನೋಡಿದರು. ಒಂದು ಪೈಪಿನಿಂದ ಎಳೆ ಹೊಗೆ ಬಂತು. 900 ರೂಪಾಯಿಯ ಪೈಪು. ಹಳೆಯ ವೇಗದ ಕಾರು ಇಟ್ಟುಕೊಳ್ಳುವವರಿಗೆ ಮೊದಲು ಬೇಕಾದದ್ದು ಪಾರ್ಟ್‌ಗಳಲ್ಲ, ಹೀಗೆ ಹುಡುಕಿ ನೋಡುವ ಒಬ್ಬ ಮನುಷ್ಯ. ಕಾರು ಹುಡುಕುವ ಮುನ್ನ ಅಂಥವರನ್ನು ಹುಡುಕಿಕೊಳ್ಳಿ. ಅವರಿಗೆ ಕೂಲಿ ಕೊಡುವಾಗ ಚೌಕಾಸಿ ಮಾಡಬೇಡಿ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಒಂದು ಹೆಚ್ಚುವರಿ ಇಗ್ನಿಷನ್ ಕಾಯಿಲ್ ಇಟ್ಟುಕೊಳ್ಳಿ, ಹಾಕುವುದು ಐದು ನಿಮಿಷದ ಕೆಲಸ.

ಲಾರಾ ಆರ್‌ಎಸ್ ನೋಡಿದವಳಿಗೆ ಎರಡು ಮಾತು. ಅದರ ಎಂಜಿನ್ ಬೇರೆ, 1.8 ಟಿಎಸ್‌ಐ. ಅದಕ್ಕೆ ಬೆಲ್ಟ್ ಅಲ್ಲ, ಚೈನ್. ಚೈನ್ ಎಂದರೆ ಜೀವಮಾನದ ಮಾತು ಎಂದು ಮಾರುವವರು ಹೇಳುತ್ತಾರೆ. ಚೈನ್ ಬಿಗಿಹಿಡಿಯುವ ಟೆನ್ಷನರ್ ಸೋತರೆ ಅದೂ ಬೆಲ್ಟಿನ ಗತಿಯೇ. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ ಕಿವಿಗೊಟ್ಟು ಕೇಳು, ಗರಗರ ಸದ್ದು ಬಂದರೆ ಬೇಡ. 1,000 ಕಿ.ಮೀ.ಗೆ ಎಷ್ಟು ಆಯಿಲ್ ಕುಡಿಯುತ್ತದೆ ಕೇಳು. ಪೆಟ್ರೋಲ್ ನೇರ ಸಿಲಿಂಡರಿಗೇ ಚಿಮ್ಮುವುದರಿಂದ ವಾಲ್ವಿನ ಬೆನ್ನಿಗೆ ಮಸಿ ಕಟ್ಟುತ್ತದೆ, ಅದನ್ನು ಕೆರೆಸಿದ್ದಾರೋ ಕೇಳು. 2017ರದ್ದರಲ್ಲಿ ಡಿಎಸ್‌ಜಿ ಗೇರ್‌ಬಾಕ್ಸಿನ ಆಯಿಲ್ ಬದಲಿಸಿದ ದಾಖಲೆ ಒಂದನ್ನಾದರೂ ನೋಡದೆ ದುಡ್ಡು ಕೊಡಬೇಡಿ.

ಕಾಗದದ ಖರ್ಚನ್ನು ಯಾರೂ ಎಣಿಸುವುದಿಲ್ಲ, ಎಣಿಸಿ. 15 ವರ್ಷಕ್ಕೆ ಆರ್‌ಸಿ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2020ರಲ್ಲಿ ನಾನು ಮೊದಲ ಸಲ ಮಾಡಿಸಿದಾಗ ಶುಲ್ಕ 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ಪರಿಸರ ತೆರಿಗೆ ಬೇರೆ. 1500 ಸಿಸಿ ಮೇಲಿನ ಕಾರಿಗೆ ಥರ್ಡ್ ಪಾರ್ಟಿ ವಿಮೆಯೇ 2022ರ ದರದಲ್ಲಿ ವರ್ಷಕ್ಕೆ 7,897, ಮೇಲೆ ತೆರಿಗೆ. ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಕೆಎ ನಂಬರಿನ ಕಾರು ತರುವ ಯೋಚನೆ ಇದ್ದರೆ, 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಳ್ಳುವಂತಿದ್ದರೆ ಎನ್‌ಒಸಿ ತಂದು ಎಂಎಚ್ ನಂಬರು ಮಾಡಿಸಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು. ಸರ್ಕಾರದ ಕಣ್ಣಿಗೆ 50 ವರ್ಷ ತುಂಬಿದ ಕಾರು ವಿಂಟೇಜ್, ಅದಕ್ಕೆ ಗೌರವ ಇದೆ. 20 ವರ್ಷದ್ದು ಬರೀ ಹಳೆಯದು. ಹೊಗೆ ಉಗುಳುವ ಕಾರುಗಳು ರಸ್ತೆ ಬಿಡಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಹೊಗೆ ಅಳೆಯುವ ಬದಲು ಹುಟ್ಟಿದ ತಾರೀಖು ಅಳೆಯುವುದು ನನಗೆ ಒಪ್ಪಿಗೆಯಾಗಿಲ್ಲ. ಚೆನ್ನಾಗಿ ಇಟ್ಟುಕೊಂಡವರಿಗೂ ಕೆಡಿಸಿಕೊಂಡವರಿಗೂ ಒಂದೇ ಶುಲ್ಕ ಹಾಕಿದರೆ ಚೆನ್ನಾಗಿ ಇಟ್ಟುಕೊಳ್ಳುವ ಉಮೇದು ಯಾರಿಗೆ ಬರುತ್ತದೆ?

ಪೆಟ್ರೋಲಿನ ಮಾತೂ ಇದೆ. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥೆನಾಲ್ ಸೇರಿದ್ದು. ಅದಕ್ಕೆಂದೇ ಮಾಡದ ಕಾರುಗಳಲ್ಲಿ ಮೈಲೇಜ್ ಶೇ. 3ರಿಂದ 6ರಷ್ಟು ಇಳಿಯಬಹುದು ಎಂದು ಕೇಂದ್ರ ಸರ್ಕಾರವೇ ಹೇಳಿದೆ. ನನಗೆ ಮೈಲೇಜಿಗಿಂತ ರಬ್ಬರಿನ ಚಿಂತೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ಉಬ್ಬಿಸುತ್ತದೆ. ಪೆಟ್ರೋಲ್ ಹೋಸ್‌ಗಳನ್ನೆಲ್ಲ ಎಥೆನಾಲ್ ತಡೆಯುವಂಥವಕ್ಕೆ ಬದಲಿಸಿದ್ದೇನೆ. ತಿಂಗಳುಗಟ್ಟಲೆ ಕಾರು ನಿಲ್ಲಿಸುವುದಿಲ್ಲ. ವಾರಕ್ಕೊಮ್ಮೆ ಓಡಲೇಬೇಕು.

ಟೈರಿನ ಬಗ್ಗೆ ನಿಮ್ಮ ಕೈಹಿಡಿದು ಬೇಡಿಕೊಳ್ಳುತ್ತೇನೆ. ಸಮೃದ್ಧಿ ಮಹಾಮಾರ್ಗ 701 ಕಿ.ಮೀ.ಯೂ 2025ರ ಜೂನ್‌ನಲ್ಲಿ ತೆರೆಯಿತು. ಕಾರಿಗೆ 120ರ ಮಿತಿ. ಬೇಸಿಗೆಯಲ್ಲಿ ಕಾದ ಕಾಂಕ್ರೀಟಿನ ಮೇಲೆ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡಿದರೆ ಟೈರು ಸುಡುತ್ತದೆ. ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಟೈರಿನ ಗೀರು ಎಷ್ಟೇ ಆಳವಿರಲಿ, ಐದು ವರ್ಷ ದಾಟಿದ ಟೈರಿನಲ್ಲಿ ಆ ರಸ್ತೆ ಹತ್ತಬೇಡಿ. ಹಣ ಇಲ್ಲದಿದ್ದರೆ ಆ ತಿಂಗಳು ಬಸ್ಸಿಗೆ ಹೋಗಿ. ನಾನು ಹೋಗಿದ್ದೇನೆ.

ಇನ್ನೊಂದು ಕೇಳಿಕೊಳ್ಳುವುದಿದೆ. ನಿಮ್ಮಲ್ಲಿ ಒಬ್ಬ ಕಂಪ್ಯೂಟರ್ ರೀಮ್ಯಾಪ್ ಮಾಡಿಸಿದರೆ 150 ಕುದುರೆ 190 ಆಗುತ್ತದಂತೆ ಎಂದು ಖುಷಿಯಿಂದ ಹೇಳಿದ. ಆಗುತ್ತದೆ. ಹೊಸ ಎಂಜಿನ್ನಿಗಾದರೆ ಆಗಲಿ. 20 ವರ್ಷ ಉಸಿರಾಡಿದ ಪಿಸ್ಟನ್, ಕ್ಲಚ್, ಟರ್ಬೊ ಬೇರಿಂಗ್ ಮೇಲೆ ಆ ಭಾರ ಹೇರುವುದು ಎಂಬತ್ತು ವರ್ಷದವರ ತಲೆ ಮೇಲೆ ಮೂಟೆ ಹೊರಿಸಿದಂತೆ. ಮೊದಲು ಇರುವ 150ನ್ನು ಅದಕ್ಕೆ ಮರಳಿ ಕೊಡಿ. ಈಗ ಮಾರಾಟಕ್ಕಿರುವ ಹಲವು ಕಾರುಗಳಲ್ಲಿ 120 ಕೂಡ ಉಳಿದಿರಲಿಕ್ಕಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ನೀನು ಯಾಕೆ ಇಟ್ಟುಕೊಂಡಿದ್ದೀ ಎಂದು ಕೇಳುತ್ತೀರಿ.

ಶನಿವಾರ ಸಂಜೆ ಐದೂವರೆಗೆ ವಾಳೂಜ್ ಬಿಡುತ್ತೇನೆ. ಮೊದಲ ಹತ್ತು ನಿಮಿಷ ಎರಡು ಸಾವಿರ ಆರ್‌ಪಿಎಂ ಮೀರುವುದಿಲ್ಲ, ಆಯಿಲ್ ಬಿಸಿಯಾಗಲಿ ಎಂದು. ವೈಜಾಪುರ ಹತ್ತಿರವಾಗುವ ಹೊತ್ತಿಗೆ ಕಾರಿನ ಸದ್ದು ಬದಲಾಗಿರುತ್ತದೆ, ಬೆಳಿಗ್ಗೆಯ ಗಂಟಲು ಕರಗಿದ ಗವಾಯಿಯ ಹಾಗೆ. ಯೇವಲಾ ದಾಟಿದರೆ ಲಾಸಲಗಾವ್ ಮಂಡಿಗೆ ಈರುಳ್ಳಿ ಹೊತ್ತ ಟ್ರ್ಯಾಕ್ಟರುಗಳ ಸಾಲು, ಎಷ್ಟೋ ಟ್ರಾಲಿಗಳಿಗೆ ಹಿಂದೆ ದೀಪವಿರುವುದಿಲ್ಲ. ಅಲ್ಲಿ ವೇಗ ಎಂದರೆ ಏನೆಂದು ನನಗೆ ಅರ್ಥವಾಯಿತು. ಮುಂದೆ ರಸ್ತೆ ಖಾಲಿ ಎಂದು ಖಾತ್ರಿಯಾದ ಮೇಲೆ ಮೂರನೆಯ ಗೇರಿಗೆ ಇಳಿಸಿ ಕಾಲಿಟ್ಟರೆ ಅರೆಗಳಿಗೆ ಏನೂ ಇಲ್ಲ, ಆಮೇಲೆ ಒಂದು ಸಣ್ಣ ಸಿಳ್ಳೆ, ಆಮೇಲೆ ಯಾರೋ ಬೆನ್ನ ಮೇಲೆ ಅಂಗೈ ಇಟ್ಟು ನೂಕಿದ ಹಾಗೆ. 1,750 ಆರ್‌ಪಿಎಂನಲ್ಲೇ ಆ ಅಂಗೈ ಬರುತ್ತದೆ. ಎದುರು ಬದಿಯಲ್ಲಿ ಇರಬೇಕಾದ ಸಮಯ ಅರ್ಧಕ್ಕಿಳಿಯುತ್ತದೆ. 120 ಮುಟ್ಟದೆಯೇ ಇಷ್ಟು ಸುಖವಿದೆ. ಯಾರಿಗೂ ತೋರಿಸುವುದಕ್ಕಲ್ಲ, ನಾನು ಕೇಳಿದ ಕೂಡಲೇ ಅದು ಉತ್ತರ ಕೊಡುತ್ತದೆ ಎಂಬುದಕ್ಕೆ. ಸ್ಟೀರಿಂಗಿನಲ್ಲಿ ರಸ್ತೆಯ ಹರಳು ಹರಳೂ ಅಂಗೈಗೆ ತಿಳಿಯುತ್ತದೆ. ಈಚಿನ ಕಾರುಗಳಲ್ಲಿ ಕೂತಿದ್ದೇನೆ, ಅವು ನನ್ನನ್ನು ಬಹಳ ಜೋಪಾನವಾಗಿ ಕರೆದೊಯ್ಯುತ್ತವೆ, ಆದರೆ ನನ್ನ ಜೊತೆ ಮಾತಾಡುವುದಿಲ್ಲ.

ಹಿಂಬಾಗಿಲು ಗಾಜಿನ ಸಮೇತ ಮೇಲೇಳುತ್ತದೆ, ಒಳಗೆ 528 ಲೀಟರ್ ಜಾಗ. ನಿಫಾಡಿನ ದ್ರಾಕ್ಷಿ ಕ್ರೇಟುಗಳು, ಅವ್ವನ ಹೊಲಿಗೆ ಯಂತ್ರ, ಒಮ್ಮೆ ಪೂರಾ ಒಂದು ಮಂಚ ಬಿಚ್ಚಿ ತಂದದ್ದು, ಎಲ್ಲ ಅದರ ಹೊಟ್ಟೆಗೆ ಹೋಗಿವೆ. ವೇಗದ ಕಾರು ಸಂಸಾರಕ್ಕಲ್ಲ ಎನ್ನುವವರಿಗೆ ಈ ಹಿಂಬಾಗಿಲು ತೆಗೆದು ತೋರಿಸುತ್ತೇನೆ.

ವರ್ಷಕ್ಕೊಮ್ಮೆ ದೊಡ್ಡ ದಾರಿ. ರಾಷ್ಟ್ರೀಯ ಹೆದ್ದಾರಿ 52 ಪಂಜಾಬಿನ ಸಂಗ್ರೂರಿನಿಂದ ಹೊರಟು ನಮ್ಮ ಸಂಭಾಜಿನಗರದ ಮೇಲೆ ಹಾದು ಬೀಡ್, ಸೋಲಾಪುರ, ವಿಜಯಪುರ, ಹುಬ್ಬಳ್ಳಿ ಮುಟ್ಟಿ ಅಂಕೋಲೆಯಲ್ಲಿ ಕಡಲು ನೋಡುತ್ತದೆ. ಹುಬ್ಬಳ್ಳಿಗೆ ಇಲ್ಲಿಂದ ಸುಮಾರು 600 ಕಿ.ಮೀ. ಒಂದೇ ರಸ್ತೆ, ಮನೆ ಬಾಗಿಲಿಂದ ತವರಿಗೆ. ಸೋಲಾಪುರ ದಾಟುತ್ತಲೇ ಅಂಗಡಿ ಬೋರ್ಡುಗಳಲ್ಲಿ ಒಂದೊಂದೇ ಕನ್ನಡ ಅಕ್ಷರ ಕಾಣತೊಡಗುತ್ತದೆ, ಆಗ ಅಪ್ಪ ನಿದ್ದೆಯಿಂದ ಎದ್ದು ಕೂರುತ್ತಾರೆ. ಅದೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟರೆ ದೌಲತಾಬಾದ್ ಕೋಟೆ, ಆಮೇಲೆ ವೇರುಳ, ಅಂದರೆ ಎಲ್ಲೋರಾ. ರಾಷ್ಟ್ರಕೂಟರ ಒಂದನೆಯ ಕೃಷ್ಣ ಬೆಟ್ಟವನ್ನು ಮೇಲಿಂದ ಕೆಳಗೆ ಕಡೆಸಿದ ಕೈಲಾಸನಾಥನ ಎದುರು ನಿಂತು, ಮುಂದೆ ಹೋದರೆ ಒಂದು ಊರು, ಅದರ ಹೆಸರು ಕನ್ನಡ. ಊರಿನ ಹೆಸರೇ ಹಾಗೆ. ಬೋರ್ಡಿನ ಕೆಳಗೆ ಕಾರು ನಿಲ್ಲಿಸಿ ಅಪ್ಪನ ಫೋಟೊ ತೆಗೆದಿದ್ದೇನೆ. ಅಲ್ಲಿಂದ ಚಾಳೀಸಗಾವ್ ಕಡೆಗೆ ಇಳಿಯುವ ಘಾಟಿನಲ್ಲಿ ಮಳೆ ನಿಂತ ಬೆಳಗು, ಎರಡನೆಯ ಗೇರು, ಬ್ರೇಕ್ ಮುಟ್ಟದೆ ಎಂಜಿನ್ನೇ ಹಿಡಿದು ನಿಲ್ಲಿಸುವ ತಿರುವುಗಳು. 7 ರೂಪಾಯಿ 70 ಪೈಸೆಯ ಕಿಲೋಮೀಟರುಗಳಲ್ಲಿ ಇವೂ ಇವೆ. ನನ್ನ ನೋಟುಬುಕ್ಕಿನಲ್ಲಿ ಇದಕ್ಕೆ ಕಾಲಮಿಲ್ಲ.

2025ರ ಸೆಪ್ಟೆಂಬರ್ 26ರಂದು ವಾಯುಪಡೆ ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳಿತು. 1963ರಲ್ಲಿ ಬಂದದ್ದು, 62 ವರ್ಷ. ರಜೆ ಹಾಕಿ ಓಝರಿಗೆ ಹೋಗಿದ್ದೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಟಿವಿ ಮುಂದೆ ಕೂತರು, ಪೂರ್ತಿ ನೋಡಿದರು. ಟಿವಿ ಆರಿಸಿ ಸ್ವಲ್ಪ ಹೊತ್ತಾದ ಮೇಲೆ ಕೇಳಿದರು, “ನಿನ್ನ ಗಾಡಿಗೆ ಎಷ್ಟ ವರ್ಷ ಆತು?” “ಡಿಸೆಂಬರಿಗೆ ಇಪ್ಪತ್ತು ಅಪ್ಪಾ.” “ಮುಂದ ಐದು ವರ್ಷಕ್ಕ ಕಾಗದ ಮಾಡಸ್ತೀಯೇನು?” ಮಾಡಿಸುತ್ತೇನೆ ಎಂದೆ. “ಹಂಗಾದ್ರ ಎಂಜಿನ್ ಮೌಂಟ್ ಬರೀತಾ ಹೋಗು, ಅವುಕ್ಕ ಟೈಮ್ ಆಗೇದ” ಎಂದು ನೋಟುಬುಕ್ ಕೈಗೆತ್ತಿಕೊಂಡರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇಂಥ ಕಾರಿಗೆ ಮೊದಲ ಮಾಲೀಕ ಶ್ರೀಮಂತ, ಎರಡನೆಯವನಿಗೆ ಆಸೆ, ಮೂರನೆಯವನಿಗೆ ಅಗ್ಗ ಸಿಕ್ಕಿತು ಎಂಬ ಸಂತೋಷ. ನಾಲ್ಕನೆಯವನು ಬೆಲ್ಟ್ ಬದಲಿಸುವುದಿಲ್ಲ, ಟೈರು ಬದಲಿಸುವುದಿಲ್ಲ, ಸಿಕ್ಕ ಸಿಕ್ಕ ಆಯಿಲ್ ಸುರಿಯುತ್ತಾನೆ, ಒಂದು ರಾತ್ರಿ ಸ್ನೇಹಿತರನ್ನು ಕೂರಿಸಿಕೊಂಡು ಎಷ್ಟು ಓಡುತ್ತದೆ ನೋಡೋಣ ಎನ್ನುತ್ತಾನೆ. ಆ ಕಾರು ಅವನ ಕೈಯಲ್ಲೇ ಕೊನೆಯಾಗುತ್ತದೆ, ಕೆಲವೊಮ್ಮೆ ಅವನೂ. ನಿಮ್ಮ ಫೋಟೊದ ಕಾರಿನ ಆರ್‌ಸಿಯಲ್ಲಿ ಎಷ್ಟು ಹೆಸರು ದಾಟಿವೆ ನೋಡಿ. ಆ ಕೊನೆಯ ಹೆಸರು ನಿಮ್ಮದಾಗುವುದು ನನಗೆ ಬೇಡ. ಕೊಂಡರೆ ಇನ್ನೊಬ್ಬರಿಗೆ ಚೆನ್ನಾಗಿ ದಾಟಿಸುವವರ ಹಾಗೆ ಕೊಳ್ಳಿ. ಈಗ ಆಗದಿದ್ದರೆ ಮೂರು ವರ್ಷ ಹಣ ಕೂಡಿಡಿ, ಅಲ್ಲಿಯವರೆಗೆ ನನ್ನ ಕಾರಿದೆ, ಸರದಿಯಲ್ಲಿ ಬಂದು ಓಡಿಸಿ.

ನಾನು ಓಡಿಸಲಾರದ ದಿನ ಬಂದಾಗ ಅದನ್ನು ಯಾರಿಗೆ ಕೊಡುತ್ತೇನೆ ಎಂಬುದೂ ನಿಶ್ಚಯವಾಗಿದೆ. ಬೆಲೆ ಕೇಳುವ ಮುನ್ನ ನೋಟುಬುಕ್ ಕೇಳಿದವರಿಗೆ.

ಕಪ್ಪು ಕಾರು ನೋಡಿದವನಿಗೆ: ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ ಬರುತ್ತೇವೆಂದು ಮಾರುವವರಿಗೆ ಈಗಲೇ ಫೋನ್ ಮಾಡು. ನಾವು ಹೋಗುವ ಮುಂಚೆ ಸ್ಟಾರ್ಟ್ ಮಾಡಬಾರದು, ಎಂಜಿನ್ ತಣ್ಣಗಿರಬೇಕು ಎಂದು ಗಟ್ಟಿಯಾಗಿ ಹೇಳು. ಮೆಕ್ಯಾನಿಕ್ ಅವರಿಗೆ ನಾನು ಹೇಳಿದ್ದೇನೆ, ಅವರೂ ಬರುತ್ತಾರೆ. ಕೆಳಗೆ ಮಲಗಿ ನೋಡಲು ಒಂದು ಹಳೆಯ ಚಾಪೆ ನಾನು ತರುತ್ತೇನೆ. ಟಾರ್ಚ್ ನೀನು ತಾ.

ಪ್ರೀತಿಯಿಂದ,
ನಿಮ್ಮ ಅಕ್ಕ